ಬಾಂಗಡಾ ತಿನ್ನಬಹುದೇನ್ರಿ? ಸಮುದ್ರಕ್ಕೆ ಸೇರುವ ಎಣ್ಣೆಯ ಲೆಕ್ಕ

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಕೊಚ್ಚಿಯಾಚೆ ಅರಬ್ಬಿ ಸಮುದ್ರದಲ್ಲಿ ಮುಳುಗಿತು. ಅದರಲ್ಲಿ 640 ಕಂಟೇನರ್ ಇದ್ದವು. ಟ್ಯಾಂಕಿನಲ್ಲಿ 84.44 ಟನ್ ಡೀಸೆಲ್, 367.1 ಟನ್ ಫರ್ನೇಸ್ ಆಯಿಲ್ ಇತ್ತು. ಅದಾಗಿ ಹದಿನೈದು ದಿನಕ್ಕೆ, ಜೂನ್ 9ರಂದು, ವಾನ್ ಹೈ 503 ಎಂಬ ಇನ್ನೊಂದು ಹಡಗು ಅದೇ ಕೇರಳದ ಕಡಲಲ್ಲಿ ಹೊತ್ತಿ ಉರಿಯಿತು. ಇಂಥ ಸುದ್ದಿ ಬಂದಾಗಲೆಲ್ಲ ಬೆಳಗಾವಿಯ ಮೀನು ಮಾರುಕಟ್ಟೆಯಲ್ಲಿ ಏಳುವ ಪ್ರಶ್ನೆ ಒಂದೇ: “ಬಾಂಗಡಾ ತಿನ್ನಬಹುದೇನ್ರಿ ಕಾಕಾ?”

ಪ್ರಶ್ನೆ ಸಹಜ. ನಮ್ಮಲ್ಲಿಗೆ ಕಡಲ ಮೀನು ಬರುವುದೇ ಗೋವಾ, ಕಾರವಾರ, ಮಾಲವಣದ ಕಡೆಯಿಂದ. ಸಣ್ಣ ಉತ್ತರವೂ ಇದೆ: ಬಾಂಗಡಾ ತಿನ್ನಬಹುದು. ಎಣ್ಣೆ ಬಿದ್ದ ಜಾಗದಿಂದ ತೆಗೆದ ತಿಸ್ರೆಯಂಥ ಚಿಪ್ಪಿನ ಜೀವಿಗಳು ಮಾತ್ರ ಬೇಡ. ಒಂದಕ್ಕೆ ಹೌದು, ಇನ್ನೊಂದಕ್ಕೆ ಬೇಡ ಯಾಕೆ ಅನ್ನುವುದು ಎಣ್ಣೆಯೊಳಗೆ ಏನಿದೆ ಎಂದು ನೋಡಿದರೆ ತಿಳಿಯುತ್ತದೆ. ಆದರೆ ನನ್ನ ಮಟ್ಟಿಗೆ ತಟ್ಟೆಗೆ ಬರುವ ಮೀನಿಗಿಂತ ದೊಡ್ಡ ಚಿಂತೆ ಮೊಟ್ಟೆಯಿಂದಲೇ ಹೊರಗೆ ಬಾರದ ಮೀನಿನದು. ಅದರ ಬಗ್ಗೆ ಯಾರೂ ಕೇಳುವುದಿಲ್ಲ.

ಕಚ್ಚಾ ತೈಲ ಒಂದೇ ವಸ್ತುವಲ್ಲ. ಇಂಗಾಲ ಮತ್ತು ಜಲಜನಕ ಸೇರಿ ಆದ ಸಾವಿರಾರು ಬಗೆಯ ಹೈಡ್ರೋಕಾರ್ಬನ್‌ಗಳ ಕಲಬೆರಕೆ ಅದು. ಬೆಂಜೀನ್, ಟಾಲುವೀನ್‌ನಂಥ ಹಗುರವಾದವು ಒಂದೆರಡು ದಿನದಲ್ಲಿ ಗಾಳಿಗೆ ಹಾರಿಹೋಗುತ್ತವೆ. ಪೆಟ್ರೋಲ್ ಬಿದ್ದ ನೆಲ ಬೇಗ ಒಣಗುವುದು ಇದಕ್ಕೇ. ಡೀಸೆಲ್ ಸ್ವಲ್ಪ ತಡ. ಹಡಗಿನ ಫರ್ನೇಸ್ ಆಯಿಲ್ ಹಾಗಲ್ಲ. ಅದು ಡಾಂಬರಿನ ದಾಯಾದಿ. ಅಲೆಗಳ ಏಟಿಗೆ ಸಿಕ್ಕಿ ನೀರನ್ನು ಒಳಗೆ ಎಳೆದುಕೊಂಡು ಉಬ್ಬುತ್ತದೆ, ಮೂರ್ನಾಲ್ಕು ಪಟ್ಟು ಜಾಸ್ತಿಯಾಗುತ್ತದೆ. ಕಂದು ಬಣ್ಣದ ದಪ್ಪ ಗಸಿಯಾಗಿ ದಂಡೆಗೆ ಬರುತ್ತದೆ. ಇನ್ನಷ್ಟು ದಿನ ಕಳೆದರೆ ಗಟ್ಟಿ ಉಂಡೆಗಳಾಗುತ್ತದೆ. ಮಳೆಗಾಲದ ಹೊತ್ತಿಗೆ ಗೋವಾ ಬೀಚಿಗೆ ಹೋಗಿ ಅಂಗಾಲಿಗೆ ಕರಿ ಜಿಗುಟು ಮೆತ್ತಿಕೊಂಡು ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆ ಟಾರ್ ಉಂಡೆಗಳೇ ಇವು. ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಇವುಗಳ ರಾಸಾಯನಿಕ ಬೆರಳಚ್ಚು ತೆಗೆದು ನೋಡಿದ್ದಾರೆ. ಕೆಲವು ಉಂಡೆ ಮುಂಬೈ ಹೈ ತೈಲಕ್ಕೆ ಹೋಲುತ್ತವೆ, ಕೆಲವು ಟ್ಯಾಂಕರ್ ಹಡಗುಗಳು ತೊಟ್ಟಿ ತೊಳೆದು ಚೆಲ್ಲಿದ ಎಣ್ಣೆಗೆ.

ಕಣ್ಣಿಗೆ ಕಾಣುವ ಈ ಕರಿ ಎಣ್ಣೆಯೇ ಎಲ್ಲ ಅನ್ನಿಸುತ್ತದೆ, ಅಲ್ವಾ? ಸಾರಿನ ಮೇಲೆ ತೇಲುವ ಒಗ್ಗರಣೆ ಎಣ್ಣೆಯನ್ನು ಸೌಟಿನಿಂದ ಪೂರ್ತಿ ತೆಗೆದು ಚೆಲ್ಲಿ ನೋಡಿ. ಇಂಗಿನ ವಾಸನೆ ಸಾರಿನಲ್ಲೇ ಉಳಿದಿರುತ್ತದೆ. ಸಮುದ್ರದಲ್ಲೂ ಹಾಗೆ. ಮೇಲಿನದನ್ನು ಬಾಚಿ ತೆಗೆಯುವ ಹೊತ್ತಿಗೆ ಎಣ್ಣೆಯ ಒಂದು ಭಾಗ ನೀರಿಗೆ ಇಳಿದಾಗಿರುತ್ತದೆ. ಅದರಲ್ಲಿ ಮುಖ್ಯವಾದವು ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು. ಉಂಗುರಗಳನ್ನು ಪೋಣಿಸಿದಂಥ ಅಣುಗಳು. ಚಿಕ್ಕದಾಗಿ ಪಿಎಎಚ್ ಅನ್ನುತ್ತಾರೆ. ಎರಡು ಉಂಗುರದ್ದು ನ್ಯಾಫ್ತಲೀನ್, ಅಂದರೆ ಹಿಂದೆ ಟ್ರಂಕಿನಲ್ಲಿ ಇಡುತ್ತಿದ್ದ ನುಸಿಗುಳಿಗೆ. ಮೂರು ಉಂಗುರದ್ದು ಫೆನಾಂತ್ರೀನ್. ಐದು ಉಂಗುರದ ಬೆಂಜೊಪೈರೀನ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಮೊದಲ ಪಟ್ಟಿಯಲ್ಲೇ ಸೇರಿಸಿದೆ.

ಈಗ ಬಾಂಗಡಾ ವಿಚಾರ. ಬೆನ್ನೆಲುಬಿರುವ ಮೀನುಗಳಿಗೆ ಒಳ್ಳೆಯ ಯಕೃತ್ತು ಇದೆ. ಪಿಎಎಚ್ ಒಳಗೆ ಹೋದರೆ ಅಲ್ಲಿನ ಕಿಣ್ವಗಳು ಅದನ್ನು ಒಡೆದು, ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತದ ಮೂಲಕ ಹೊರಗೆ ದಬ್ಬುತ್ತವೆ. ಹೀಗಾಗಿ ನಾವು ತಿನ್ನುವ ಮಾಂಸದಲ್ಲಿ ಅದು ಅಷ್ಟಾಗಿ ಉಳಿಯುವುದಿಲ್ಲ. ತಿಸ್ರೆ, ಸಿಂಪಿಯಂಥ ಚಿಪ್ಪಿನ ಜೀವಿಗಳಿಗೆ ಈ ಅನುಕೂಲ ಕಡಿಮೆ. ಅವು ಕೂತಲ್ಲೇ ಕೂತು ದಿನವಿಡೀ ನೀರು ಸೋಸುತ್ತಿರುತ್ತವೆ, ಸಿಕ್ಕಿದ್ದನ್ನು ಮೈಯಲ್ಲೇ ಕೂಡಿಸಿಕೊಳ್ಳುತ್ತವೆ. ಸಮುದ್ರದಲ್ಲಿ ಎಣ್ಣೆ ಎಷ್ಟಿದೆ ಎಂದು ತಿಳಿಯಲು ವಿಜ್ಞಾನಿಗಳು ಚಿಪ್ಪಿನ ಜೀವಿಗಳನ್ನೇ ಒಡೆದು ನೋಡುವುದು ಇದೇ ಕಾರಣಕ್ಕೆ.

ಆದರೆ ಒಡೆಯುವ ಈ ಕೆಲಸವೂ ಮೀನಿಗೆ ಪುಕ್ಕಟೆ ಆಗುವುದಿಲ್ಲ. ಬೆಂಜೊಪೈರೀನ್ ಒಡೆಯುವಾಗ ನಡುವೆ ಹುಟ್ಟುವ ಒಂದು ರೂಪ ಮೂಲಕ್ಕಿಂತ ಕೆಟ್ಟದ್ದು. ಅದು ಹೋಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ.

ಇನ್ನು ಮೊಟ್ಟೆಯ ಸಂಗತಿ. ಕಳೆದ ಎರಡು ದಶಕಗಳಲ್ಲಿ ಈ ವಿಷಯದ ತಿಳಿವಳಿಕೆಯನ್ನೇ ಬದಲಿಸಿದ ಭಾಗ ಇದು. ಮೊದಲೆಲ್ಲ ಎಣ್ಣೆ ಅಂದರೆ ಮೈಗೆ ಮೆತ್ತಿ, ಉಸಿರು ಕಟ್ಟಿಸಿ ಕೊಲ್ಲುವ ವಸ್ತು ಎಂದಷ್ಟೇ ತಿಳಿದಿದ್ದರು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ಅಟ್ಟಣೆ ಸಿಡಿಯಿತು. 11 ಕೆಲಸಗಾರರು ಸತ್ತರು. ಬಾವಿ 87 ದಿನ ಎಣ್ಣೆ ಉಗುಳಿತು. ಅದು ಟ್ಯೂನಾ ಮೀನುಗಳು ಮೊಟ್ಟೆ ಇಡುವ ಜಾಗ ಮತ್ತು ಕಾಲ ಎರಡೂ ಆಗಿತ್ತು. ಆಮೇಲೆ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾದ ವಿಜ್ಞಾನಿಗಳು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಆ ಎಣ್ಣೆಯನ್ನೇ ತಂದು ಪ್ರಯೋಗ ಮಾಡಿದರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಣ್ಣೆ ಮೀನಿನ ಹೃದಯದ ಬಡಿತಕ್ಕೇ ಕೈ ಹಾಕುತ್ತದೆ ಎಂಬುದು ಅದರ ಸಾರ.

ಹೃದಯದ ಸ್ನಾಯು ಒಂದು ಸಲ ಕುಗ್ಗಬೇಕಾದರೆ ಕ್ಯಾಲ್ಸಿಯಂ ಬೇಕು. ಕುಗ್ಗಿದ ಮೇಲೆ ಮುಂದಿನ ಬಡಿತಕ್ಕೆ ಸಜ್ಜಾಗಬೇಕಾದರೆ ಪೊಟ್ಯಾಸಿಯಂ ಹೊರಗೆ ಹರಿಯಬೇಕು. ಎಣ್ಣೆಯ ಅಂಶ ಈ ಎರಡೂ ದಾರಿಗಳಿಗೆ ಅಡ್ಡ ಬರುತ್ತದೆ. ಮುಂದಿನ ಪ್ರಯೋಗಗಳಲ್ಲಿ ಮುಖ್ಯ ಆರೋಪಿಯಾಗಿ ಸಿಕ್ಕಿದ್ದು ಮೂರುಂಗುರದ ಫೆನಾಂತ್ರೀನ್. ಬಡಿತ ನಿಧಾನವಾಗುತ್ತದೆ, ಲಯ ತಪ್ಪುತ್ತದೆ. ಭ್ರೂಣದಲ್ಲಿ ಹೃದಯ ಬಡಿಯುತ್ತಲೇ ರೂಪುಗೊಳ್ಳುತ್ತಿರುತ್ತದೆ. ಬಡಿತ ಕೆಟ್ಟರೆ ಆಕಾರವೂ ಕೆಡುತ್ತದೆ, ಸುತ್ತ ನೀರು ತುಂಬುತ್ತದೆ. ಟ್ಯೂನಾ ಮತ್ತು ಅಂಬರ್‌ಜಾಕ್ ಮೀನುಗಳ ಭ್ರೂಣಗಳಲ್ಲಿ ಇದು ಶುರುವಾದದ್ದು ಒಂದು ಲೀಟರ್ ನೀರಿಗೆ ಒಟ್ಟು 1ರಿಂದ 15 ಮೈಕ್ರೋಗ್ರಾಂ ಪಿಎಎಚ್ ಇದ್ದಾಗ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ. ಇಷ್ಟು ಇದ್ದರೆ ನೀರಿನ ಬಣ್ಣ ಬದಲಾಗುವುದಿಲ್ಲ, ಮೇಲೆ ಕಾಮನಬಿಲ್ಲಿನ ಪೊರೆಯೂ ಕಾಣುವುದಿಲ್ಲ.

ಬಿಸಿಲು ಇದನ್ನು ಇನ್ನಷ್ಟು ಕೆಡಿಸುತ್ತದೆ. ಕಡಲ ಮೀನುಗಳಲ್ಲಿ ಬಹುಪಾಲು ತೇಲುವ ಮೊಟ್ಟೆ ಇಡುತ್ತವೆ. ಮೊಟ್ಟೆ, ಮರಿ ಎರಡೂ ಗಾಜಿನಷ್ಟು ಪಾರದರ್ಶಕ. ಮೈಗೆ ಸೇರಿದ ಪಿಎಎಚ್ ಮೇಲೆ ಅತಿನೇರಳೆ ಕಿರಣ ಬಿದ್ದರೆ ಅದರ ವಿಷ ಹಲವು ಪಟ್ಟು ಏರುತ್ತದೆ. ಅಂದರೆ ಮೊಟ್ಟೆ ತೇಲುವುದೂ ಮೇಲೆ, ಎಣ್ಣೆ ತೇಲುವುದೂ ಮೇಲೆ, ಬಿಸಿಲು ಬೀಳುವುದೂ ಅಲ್ಲೇ.

ಈಗ ಎಲ್ಸಾ 3 ಮುಳುಗಿದ ತಾರೀಖನ್ನು ಮತ್ತೆ ನೋಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ ಎಂದೇ ಆ ನಿಷೇಧ. ಪಶ್ಚಿಮ ಕರಾವಳಿಯ ಬೂತಾಯಿ ಮುಂಗಾರಿನ ಜೊತೆಜೊತೆಗೇ ಮೊಟ್ಟೆ ಇಡುತ್ತದೆ. ದೋಣಿಗಳನ್ನು ದಡಕ್ಕೆ ಕಟ್ಟಿ ಮೀನಿಗೆ ಬಿಡುವು ಕೊಡುವ ತಿಂಗಳುಗಳಲ್ಲೇ ಹಡಗು ಅಪಘಾತಗಳ ಭಯವೂ ಜಾಸ್ತಿ. ಕಾರಣ ಅದೇ ಗಾಳಿ, ಅದೇ ಅಲೆ. 2006ರ ಮೇ ಕೊನೆಗೆ ಕಾರವಾರದ ಹತ್ತಿರ ಓಷನ್ ಸೆರಾಯಾ ಎಂಬ ಹಡಗು ಬಂಡೆಗೆ ಸಿಕ್ಕಿ ಒಡೆದಾಗಲೂ ಹೀಗೇ ಆಗಿತ್ತು. ನೂರಾರು ಟನ್ ಇಂಧನ ತೈಲ ಚೆಲ್ಲಿ ದಕ್ಷಿಣ ಗೋವಾದ ಕಾಣಕೋಣ ಕಡೆಯ ದಂಡೆಗಳವರೆಗೂ ಹೋಯಿತು.

ಸಾಯದೆ ಉಳಿದ ಮರಿಗಳ ಕಥೆಯೂ ಸುಲಭದ್ದಲ್ಲ. 1989ರ ಮಾರ್ಚ್ 24ರಂದು ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ಟ್ಯಾಂಕರ್ ಬಂಡೆಗೆ ಬಡಿದು ಸುಮಾರು 37,000 ಟನ್ ಕಚ್ಚಾ ತೈಲ ಚೆಲ್ಲಿತು. ಅಲ್ಲಿನ ಸಾಲ್ಮನ್ ಮೀನಿನ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆದವು. ಭ್ರೂಣವಾಗಿದ್ದಾಗ ಚೂರು ಎಣ್ಣೆ ತಾಗಿದ ಮೀನು ನೋಡಲು ಚೆನ್ನಾಗೇ ಬೆಳೆಯುತ್ತದೆ. ಒಳಗೆ ಹೃದಯದ ಆಕಾರ ಬೇರೆಯಾಗಿರುತ್ತದೆ, ಈಜುವ ಕಸುವು ಕಡಿಮೆ. ಸಮುದ್ರಕ್ಕೆ ಹೋದ ಅಂಥ ಮೀನುಗಳಲ್ಲಿ ಮೊಟ್ಟೆ ಇಡಲು ನದಿಗೆ ಮರಳಿ ಬಂದವು ಕಡಿಮೆ. ಇಂಥ ಸಾವಿಗೆ ಪಂಚನಾಮೆ ಮಾಡುವವರು ಯಾರು?

ಹಕ್ಕಿ, ನೀರುನಾಯಿಗಳ ಚಿತ್ರ ಎಲ್ಲರೂ ನೋಡಿದ್ದೇವೆ. ಅಲಾಸ್ಕದಲ್ಲಿ ಸುಮಾರು ಎರಡೂವರೆ ಲಕ್ಷ ಹಕ್ಕಿ ಸತ್ತವು ಎಂಬ ಅಂದಾಜಿದೆ. ಪುಕ್ಕಕ್ಕೆ ಎಣ್ಣೆ ಮೆತ್ತಿದರೆ ನೀರು ಒಳಗಿಳಿಯುತ್ತದೆ, ಮೈ ಚಳಿಗೆ ಸೆಟೆಯುತ್ತದೆ. ಕೊಕ್ಕಿನಿಂದ ಪುಕ್ಕ ತೀಡಿದರೆ ಎಣ್ಣೆ ಹೊಟ್ಟೆಗೇ. ಡಾಲ್ಫಿನ್‌ಗಳದ್ದು ಇನ್ನೊಂದು ಬಗೆ. ಅವು ಉಸಿರಾಡುವುದು ಎಣ್ಣೆಯ ಆವಿ ನಿಂತಿರುವ ನೀರಿನ ಮೇಲ್ಪದರದಲ್ಲಿ. ಮೆಕ್ಸಿಕೊ ಕೊಲ್ಲಿಯ ಬರಟಾರಿಯಾ ಎಂಬಲ್ಲಿ ಪರೀಕ್ಷಿಸಿದ ಡಾಲ್ಫಿನ್‌ಗಳಲ್ಲಿ ಶ್ವಾಸಕೋಶದ ರೋಗ ಬೇರೆ ಕಡೆಗಿಂತ ಹಲವು ಪಟ್ಟು ಹೆಚ್ಚಿತ್ತು.

ಎಣ್ಣೆ ಎಷ್ಟು ಕಾಲ ಉಳಿಯುತ್ತದೆ? 1969ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೆಸ್ಟ್ ಫಾಲ್ಮತ್ ಎಂಬಲ್ಲಿ ಒಂದು ಬಾರ್ಜ್ ಒಡೆದು ಡೀಸೆಲ್‌ನಂಥ ಎಣ್ಣೆ ಜೌಗು ನೆಲಕ್ಕೆ ಹೊಕ್ಕಿತು. ದೊಡ್ಡ ಸೋರಿಕೆಯೇನಲ್ಲ. ಮೂವತ್ತು ವರ್ಷದ ಮೇಲೆ ಅಗೆದು ನೋಡಿದರೆ ಕೆಸರಿನ ಅಡಿಯಲ್ಲಿ ಎಣ್ಣೆ ಹಾಗೇ ಇತ್ತು. ಅಲ್ಲಿನ ಸಣ್ಣ ಏಡಿಗಳು ಬಿಲ ತೋಡುತ್ತಾ ಹೋಗಿ, ಎಣ್ಣೆಯ ಪದರ ಸಿಕ್ಕಿದ ಕೂಡಲೇ ಅಲ್ಲಿಗೇ ನಿಲ್ಲಿಸಿ ಪಕ್ಕಕ್ಕೆ ತಿರುಗಿಸುತ್ತಿದ್ದವು. ಗಾಳಿಯಾಡದ ಕೆಸರಿನಲ್ಲಿ ಎಣ್ಣೆ ಕೊಳೆಯುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಗಾಳಿಯಾಡುವ ಕಡೆ ಚಿತ್ರ ಬೇರೆ. ಸಮುದ್ರಕ್ಕೆ ಎಣ್ಣೆ ಹೊಸದಲ್ಲ. ತಳದ ಬಿರುಕುಗಳಿಂದ ಅದು ಲಕ್ಷಾಂತರ ವರ್ಷಗಳಿಂದ ಒಸರುತ್ತಿದೆ. ಕಡಲಿನ ಸೂಕ್ಷ್ಮ ಪಾಚಿಗಳು ತಾವೇ ಒಂದು ಬಗೆಯ ಹೈಡ್ರೋಕಾರ್ಬನ್ ತಯಾರಿಸುತ್ತವೆ. ಅದನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಆಲ್ಕನಿವೊರಾಕ್ಸ್ ಎಂಬುದಂತೂ ಎಣ್ಣೆ ಬಿದ್ದಲ್ಲಿ ಗುಂಪುಗುಂಪಾಗಿ ಹೆಚ್ಚುತ್ತದೆ. ಆದರೆ ಅದಕ್ಕೂ ಆಮ್ಲಜನಕ, ಸಾರಜನಕ, ರಂಜಕ ಬೇಕು. ಅದು ಮೊದಲು ತಿನ್ನುವುದು ನೇರ ಸರಪಳಿಯ ಸುಲಭ ಅಣುಗಳನ್ನು. ಉಂಗುರದವು ಕೊನೆಗೆ. ಡಾಂಬರಿನಂಥವನ್ನು ಮುಟ್ಟುವುದೂ ಕಷ್ಟ. “ಬ್ಯಾಕ್ಟೀರಿಯಾ ಬಿಟ್ಟರೆ ಎಲ್ಲ ಸರಿಹೋಗುತ್ತದೆ” ಎಂಬ ಮಾತು ಕೇಳಿದರೆ ಇದನ್ನು ನೆನಪಿಡಿ.

ಹಾಗಾದರೆ ಮನುಷ್ಯರ ಕಡೆಯಿಂದ ಎಣ್ಣೆ ಎಲ್ಲಿಂದ ಬರುತ್ತದೆ? ಎಲ್ಲರೂ ಹೇಳುವುದು ಟ್ಯಾಂಕರ್. ಲೆಕ್ಕ ಹಾಗೆ ಹೇಳುವುದಿಲ್ಲ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2003ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನ ಸಮುದ್ರಗಳಿಗೆ ವರ್ಷಕ್ಕೆ ಸುಮಾರು 13 ಲಕ್ಷ ಟನ್ ಪೆಟ್ರೋಲಿಯಂ ಸೇರುತ್ತದೆ. ಅದರಲ್ಲಿ ಹತ್ತಿರಹತ್ತಿರ ಅರ್ಧ ತಳದ ಬಿರುಕುಗಳದ್ದು. ಟ್ಯಾಂಕರ್ ಅಪಘಾತಗಳದ್ದು ಸುಮಾರು 1 ಲಕ್ಷ ಟನ್. ಎಣ್ಣೆಯನ್ನು ಬಳಸುವಾಗ, ಅಂದರೆ ರಸ್ತೆ, ಊರು, ವಾಹನ, ಹಡಗುಗಳ ನಿತ್ಯದ ಓಡಾಟದಲ್ಲಿ ಹೋಗುವುದು 4.8 ಲಕ್ಷ ಟನ್. ಟ್ಯಾಂಕರ್‌ಗಳು ಸುಧಾರಿಸಿವೆ ಅನ್ನುವುದನ್ನೂ ಹೇಳಬೇಕು. 7 ಟನ್‌ಗಿಂತ ದೊಡ್ಡ ಟ್ಯಾಂಕರ್ ಸೋರಿಕೆಗಳು 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 79 ಆಗುತ್ತಿದ್ದವು, 2010ರ ದಶಕದಲ್ಲಿ 6ರ ಆಸುಪಾಸು. ಹಡಗಿಗೆ ಎರಡು ಪದರದ ಹೊಟ್ಟೆ ಕಡ್ಡಾಯ ಮಾಡಿದ್ದು ಕೆಲಸ ಮಾಡಿತು. 2022ರಲ್ಲಿ ಅದೇ ಅಮೆರಿಕದ ಅಕಾಡೆಮಿಗಳು ಉತ್ತರ ಅಮೆರಿಕದ ಲೆಕ್ಕ ಮತ್ತೆ ತೆಗೆದವು. ನೆಲದಿಂದ ಹರಿದುಹೋಗುವ ಎಣ್ಣೆ ಹಳೆಯ ಅಂದಾಜಿನ ಸುಮಾರು 20 ಪಟ್ಟು ಎಂದು ಬಂತು. ಲೆಕ್ಕದ ವಿಧಾನ ಸುಧಾರಿಸಿದ್ದೂ ಇದಕ್ಕೆ ಒಂದು ಕಾರಣ. ಆದರೂ ದಿಕ್ಕು ಸ್ಪಷ್ಟ. ಹಡಗಿಗಿಂತ ರಸ್ತೆ, ಗಟಾರಗಳದ್ದೇ ದೊಡ್ಡ ಪಾಲು.

ಇಲ್ಲಿಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳು ಬರುತ್ತವೆ. ಸಮುದ್ರವಿಲ್ಲದ ಜಿಲ್ಲೆಗಳು. ಆದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಹೈಡ್ರಾಲಿಕ್ಸ್ ಕಾರ್ಖಾನೆ, ಫೌಂಡ್ರಿ, ಮಷೀನ್ ಶಾಪುಗಳು, ಊರೂರಿನ ಗ್ಯಾರೇಜು, ಕಬ್ಬಿನ ಟ್ರ್ಯಾಕ್ಟರ್, ಲಾರಿ ಎಲ್ಲವೂ ನಡೆಯುವುದು ಈ ಎಣ್ಣೆಯ ಮೇಲೆಯೇ. ಬೆಳಗಾವಿಯಿಂದ ಪಣಜಿ ಮೂರು ತಾಸಿನ ದಾರಿ. ಆದರೂ ಊರಿನ ನೀರು ಪಡುವಣಕ್ಕೆ ಹೋಗುವುದಿಲ್ಲ. ಪ್ರತಿ ಮಳೆಗಾಲ ಭತ್ತದ ಗದ್ದೆಗೆ ನುಗ್ಗುವ ಬಳ್ಳಾರಿ ನಾಲಾ ಕೊನೆಗೆ ಇಳಿಯುವುದು ಮಾರ್ಕಂಡೇಯ, ಘಟಪ್ರಭೆಯ ಕಡೆಗೆ. ಘಟಪ್ರಭೆ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ. ವಿಜಯಪುರದ ಡೋಣಿಯೂ ಕೃಷ್ಣೆಗೇ. ಅಲ್ಲಿಂದ ನಾರಾಯಣಪುರ, ಜುರಾಲ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜ್ ದಾಟಿ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿ.

ಹಾಗಂತ ಬೆಳಗಾವಿಯ ಗಟಾರದ ಎಣ್ಣೆ ನೇರ ಬಂಗಾಳ ಕೊಲ್ಲಿಯ ಮೀನನ್ನು ಕೊಲ್ಲುತ್ತದೆ ಎಂದು ಬರೆದರೆ ಅದು ಉತ್ಪ್ರೇಕ್ಷೆ. ಎಣ್ಣೆಗೆ ನೀರಿಗಿಂತ ಮಣ್ಣಿನ ಮೇಲೆ ಪ್ರೀತಿ. ಪಿಎಎಚ್ ಹೂಳಿನ ಕಣಕ್ಕೆ ಅಂಟಿಕೊಳ್ಳುತ್ತದೆ. ಹೂಳು ಅಣೆಕಟ್ಟಿನ ಹಿಂದೆ ಕೂರುತ್ತದೆ. ನಮ್ಮ ಪಾಲಿನ ಮೊದಲ ದೊಡ್ಡ ತೊಟ್ಟಿ ಆಲಮಟ್ಟಿ. ಮೇಲಾಗಿ ಬರಗಾಲದ ವರ್ಷಗಳಲ್ಲಿ ಕೃಷ್ಣೆಯ ನೀರು ಸಮುದ್ರ ಮುಟ್ಟುವುದೇ ಕಡಿಮೆ. ಹೀಗಾಗಿ ಅಲಾಸ್ಕದ ಸಾಲ್ಮನ್ ಮರಿಯ ಹೃದಯದ ಪಾಠ ನಮಗೆ ಅನ್ವಯಿಸುವುದು ಮೊದಲು ಹಿನ್ನೀರಿನ ಕಾಟ್ಲಾ, ರೋಹುಗಳಿಗೆ. ಮೀನು ಸಿಹಿನೀರಿನದಾದರೂ ಹೃದಯ ಬಡಿಯುವ ರೀತಿ ಅದೇ.

ಪಡುವಣಕ್ಕೆ ಹೋಗುವ ನಮ್ಮ ನೀರು ಅಂದರೆ ಮಹದಾಯಿ. ನಮಗೆ ಮಹದಾಯಿ ಎಂದರೆ ಟಿಎಂಸಿ, ನ್ಯಾಯಮಂಡಳಿ, ಬಂದ್. ಖಾನಾಪುರದ ಭೀಮಗಡ ಕಾಡಿನಲ್ಲಿ ಹುಟ್ಟಿ ಗೋವಾದಲ್ಲಿ ಮಾಂಡವಿಯಾಗುವ ಅದು ನಮ್ಮ ಗಡಿಯವರೆಗೂ ಕಾಡಿನ ನದಿ. ಗ್ಯಾರೇಜು, ಕಾರ್ಖಾನೆಗಳ ಗೊಡವೆ ಅಲ್ಲಿ ಇಲ್ಲ. ಅದಿರಿನ ಬಾರ್ಜು, ಕ್ಯಾಸಿನೊ ಹಡಗುಗಳೆಲ್ಲ ಕೆಳಗೆ. ಆದರೆ ಚೋರ್ಲಾ ಘಾಟಿನ ಗೋವಾ ಕಡೆಯ ಇಳಿಜಾರಿನ ಮೇಲೆ ಸೋರಿದ ಡೀಸೆಲ್, ಪಲ್ಟಿಯಾದ ಲಾರಿಯ ಎಣ್ಣೆ ಮಾಂಡವಿಯ ಹಾದಿ ಹಿಡಿಯುತ್ತದೆ. ಆ ನದಿಯ ಅಳಿವೆಯಲ್ಲೇ ತಿಸ್ರೆ ಬೆಳೆಯುವುದು.

ಇದನ್ನೆಲ್ಲ ಅಳೆಯುವ ಕ್ರಮದಲ್ಲಿ ಒಂದು ದೊಡ್ಡ ತೂತಿದೆ. ಯಾವ ನದಿ ಎಲ್ಲಿ ಕೆಟ್ಟಿದೆ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪಟ್ಟಿ ಮಾಡುವುದು ಬಿಒಡಿ ನೋಡಿ, ಅಂದರೆ ನೀರಿನ ಕೊಳಕನ್ನು ಕೊಳೆಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ. ಅದು ಚರಂಡಿ ನೀರಿನ ಅಳತೆಗೋಲು, ಎಣ್ಣೆಯದಲ್ಲ. ಕಾರ್ಖಾನೆಗಳು ನದಿಗೆ ಬಿಡುವ ನೀರಿನಲ್ಲಿ ‘ಆಯಿಲ್ ಅಂಡ್ ಗ್ರೀಸ್’ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂಬ ನಿಯಮವಿದೆ. ಆದರೆ ಆ ಪರೀಕ್ಷೆಗೆ ಹೋಟೆಲಿನ ಕರಿದ ಎಣ್ಣೆಯೂ ಒಂದೇ, ಎಂಜಿನ್ ಎಣ್ಣೆಯೂ ಒಂದೇ. ಪಿಎಎಚ್ ಎಷ್ಟು ಎಂದು ಅದು ಹೇಳುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಪಿಎಎಚ್‌ಗೆ ಇಟ್ಟಿರುವ ಮಿತಿ ಲೀಟರಿಗೆ 0.0001 ಮಿಲಿಗ್ರಾಂ. ಎರಡು ಸಂಖ್ಯೆಗಳು ಎರಡು ಬೇರೆ ವಸ್ತುಗಳನ್ನು ಅಳೆಯುತ್ತವೆ ನಿಜ. ಆದರೂ 10ಕ್ಕೂ 0.0001ಕ್ಕೂ ನಡುವಿನ ಕಂದಕದಲ್ಲೇ ಮೀನಿನ ಮೊಟ್ಟೆಯ ಪ್ರಶ್ನೆ ಬಿದ್ದುಹೋಗಿದೆ. ಅದಕ್ಕೆ ಉತ್ತರ ಬೇಕಾದರೆ ನೀರಿಗಿಂತ ಹೂಳನ್ನು ಪರೀಕ್ಷೆಗೆ ಕಳಿಸಬೇಕು.

ಸುಟ್ಟ ಎಂಜಿನ್ ಆಯಿಲ್ ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಹೊಸ ಆಯಿಲಿನಲ್ಲಿ ಪಿಎಎಚ್ ಕಡಿಮೆ. ಎಂಜಿನ್ನಿನ ಬಿಸಿಗೆ, ಅರ್ಧ ಉರಿದ ಇಂಧನದ ಜೊತೆಗೆ ಸೇರಿ ಅದು ಹೆಚ್ಚುತ್ತಾ ಹೋಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಪರವಾನಗಿ ಇರುವ ಮರುಬಳಕೆ ಘಟಕಕ್ಕೇ ಹೋಗಬೇಕು. 2024ರ ಏಪ್ರಿಲ್‌ನಿಂದ ಆಯಿಲ್ ತಯಾರಕರೂ ವರ್ಷವರ್ಷಕ್ಕೆ ಏರುವ ಗುರಿಯಂತೆ ಇದಕ್ಕೆ ಹೊಣೆ ಹೊರಬೇಕು. ಕಾಗದದ ಮೇಲೆ ಒಳ್ಳೆಯ ನಿಯಮ. ಆದರೆ ನಮ್ಮಲ್ಲಿ ವೇಸ್ಟ್ ಆಯಿಲಿಗೆ ಬೆಲೆ ಇದೆ. ಗೆದ್ದಲು ಹಿಡಿಯದಿರಲೆಂದು ಕಟ್ಟಿಗೆಗೆ ಬಳಿಯುತ್ತಾರೆ, ಸೆಂಟ್ರಿಂಗ್ ಪ್ಲೇಟಿಗೆ ಹಚ್ಚುತ್ತಾರೆ. ಭಟ್ಟಿಗೆ ಉರುವಲಾಗಿ ಹೋಗುವುದೂ ಉಂಟು. ಬೆಲೆ ಇರುವುದರಿಂದ ಡಬ್ಬಿ ತುಂಬಿದ ಆಯಿಲನ್ನು ಯಾವ ಮಿಸ್ತ್ರಿಯೂ ಸುಮ್ನೆ ಗಟಾರಕ್ಕೆ ಸುರಿಯುವುದಿಲ್ಲ. ಗಟಾರಕ್ಕೆ ಹೋಗುವುದು ಯಾರೂ ಕೊಳ್ಳದ ಭಾಗ: ನೆಲಕ್ಕೆ ಚೆಲ್ಲಿದ್ದು, ಬಿಡಿಭಾಗ ತೊಳೆದ ಡೀಸೆಲ್, ವಾಟರ್ ಸರ್ವಿಸಿಂಗ್ ನೀರು, ಲೇಥಿನ ಕೂಲಂಟ್. ತಯಾರಕರ ಗುರಿ ಲೆಕ್ಕ ಇಡುವುದು ಡಬ್ಬಿಯನ್ನು. ಈ ಭಾಗ ಅದರ ಕೈಗೆ ಸಿಗುವುದಿಲ್ಲ.

ಹಡಗು ಮುಳುಗಿದರೆ ಮಾಲೀಕ ಯಾರು ಎಂದು ಗೊತ್ತಿರುತ್ತದೆ. ಎಲ್ಸಾ 3 ಪ್ರಕರಣದಲ್ಲಿ ಕೇರಳ ಸರ್ಕಾರ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿತು, ಕೋರ್ಟು ಅದೇ ಕಂಪನಿಯ ಬಳಗದ ಇನ್ನೊಂದು ಹಡಗನ್ನು ತಡೆದು ನಿಲ್ಲಿಸಿತು. ಚೆಲ್ಲಿದ್ದನ್ನು ತೆಗೆಯಲು ಕೋಸ್ಟ್ ಗಾರ್ಡ್ ಇದೆ, 1996ರಿಂದ ರಾಷ್ಟ್ರೀಯ ಯೋಜನೆಯೂ ಇದೆ. ಅದಿದ್ದೂ 2017ರಲ್ಲಿ ಚೆನ್ನೈ ಹತ್ತಿರದ ಎಣ್ಣೂರಿನಲ್ಲಿ ಜನ ಬಕೆಟ್ಟಿನಿಂದ ಎಣ್ಣೆ ಎತ್ತಬೇಕಾಯಿತು ಅನ್ನುವುದು ಬೇರೆ ಮಾತು. ಸಾವಿರ ಗ್ಯಾರೇಜುಗಳಿಂದ ಹನಿಹನಿಯಾಗಿ ಹೋದ ಎಣ್ಣೆಗೆ ಹೀಗೆ ನೋಟಿಸ್ ಕೊಡಲು ಒಬ್ಬ ಮಾಲೀಕ ಸಿಗುವುದಿಲ್ಲ.

ಆದರೆ ತಡೆಯುವ ಕೆಲಸ ಇಲ್ಲಿ ಸಮುದ್ರದಲ್ಲಿಗಿಂತ ಎಷ್ಟೋ ಸುಲಭ. ಎಣ್ಣೆ ತೇಲುತ್ತದೆ. ಸರ್ವಿಸ್ ಸ್ಟೇಷನ್ನಿನ ನೀರು ಗಟಾರಕ್ಕೆ ಬೀಳುವ ಮುಂಚೆ ಎರಡು ಮೂರು ಖಾನೆಯ ಗುಂಡಿಯಲ್ಲಿ ನಿಂತು ಹೋದರೆ, ಮೇಲಿನ ಎಣ್ಣೆ ಮೊದಲ ಖಾನೆಯಲ್ಲೇ ಉಳಿಯುತ್ತದೆ. ಇಟ್ಟಿಗೆ, ಸಿಮೆಂಟು, ಒಂದು ಬಾಗಿದ ಪೈಪು ಸಾಕು. ಬಿದ್ದ ಆಯಿಲ್ ಮೇಲೆ ಮರದ ಪುಡಿ ಉದುರಿಸಿ ಬಳಿದಿಟ್ಟರೆ ನೀರು ಹಾಕಿ ತೊಳೆಯುವ ಪ್ರಶ್ನೆಯೇ ಇಲ್ಲ. ಇದನ್ನು ಮಾಡಬೇಕಾದ ಹೊತ್ತು ಮೇ ತಿಂಗಳು. ಬೇಸಿಗೆಯಿಡೀ ರಸ್ತೆ ಮತ್ತು ಗಟಾರದಲ್ಲಿ ಕೂತ ಎಣ್ಣೆಯಲ್ಲಿ ದೊಡ್ಡ ಪಾಲು ಕೊಚ್ಚಿ ಹೋಗುವುದು ಮೊದಲ ಒಂದೆರಡು ಜೋರು ಮಳೆಗೇ. ಪಾಲಿಕೆಗಳು ಮಳೆಗಾಲಕ್ಕೆ ಮುಂಚೆ ಹೇಗೂ ಗಟಾರದ ಹೂಳು ತೆಗೆಯುತ್ತವೆ. ಉದ್ಯಮಬಾಗ, ಆಟೋ ನಗರದ ಕಡೆಯ ಆ ಹೂಳನ್ನು ದಂಡೆಯ ಮೇಲೇ ರಾಶಿ ಹಾಕಿ ಬಿಟ್ಟರೆ ಜೂನ್ ಮಳೆಗೆ ಅದು ಮತ್ತೆ ಗಟಾರಕ್ಕೇ ಇಳಿಯುತ್ತದೆ.